ಉಪ್ಪು ನೆಲ ದಾಟಿ ಸಮುದ್ರಕ್ಕೆ: ಪೈಪ್‌ಲೈನ್ ಕೆಲಸಕ್ಕೆ ಕಟ್ಟಿದ ಬಂದರಿನ ಲಾಗ್

ಸೌದಿ ಅರೇಬಿಯಾದ ಕೊಲ್ಲಿ ತೀರ, ಜುಬೈಲ್‌ನಿಂದ ಉತ್ತರಕ್ಕೆ. ಸುತ್ತ ಊರಿಲ್ಲ, ಅಂಗಡಿಯಿಲ್ಲ. ಮರಳು, ಉಪ್ಪು ನೆಲ, ಮೊಣಕಾಲು ಮುಳುಗದಷ್ಟು ಸಮುದ್ರ. ಒಳನಾಡಿನಲ್ಲಿ ಹಾಕುತ್ತಿರುವ 30 ಇಂಚಿನ ಎಣ್ಣೆ ಪೈಪ್‌ಲೈನ್‌ಗೆ ಸಾಮಾನು ಇಳಿಸಲು ಇಲ್ಲೊಂದು ತಾತ್ಕಾಲಿಕ ಬಂದರು ಕಟ್ಟಿದ್ದೇವೆ. ಈಗ ಬಾರ್ಜ್, ಅಂದರೆ ಟಗ್ ದೋಣಿ ಎಳೆದು ತರುವ ಚಪ್ಪಟೆ ತಳದ ಸರಕು ದೋಣಿಗಳು, ಬರುತ್ತಿವೆ, ಪೈಪ್ ಇಳಿಯುತ್ತಿದೆ. ಮರೆಯುವ ಮುಂಚೆ ಎಲ್ಲ ಬರೆದಿಡುತ್ತಿದ್ದೇನೆ. ಇಂಥ ಕೆಲಸಕ್ಕೆ ಮುಂದೆ ಯಾರಾದರೂ ಕೈ ಹಾಕಿದರೆ ಅವರಿಗೆ ಉಪಯೋಗವಾಗಲಿ.

ಲಾರಿಯಲ್ಲೇ ತರಬಹುದಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. 12.2 ಮೀಟರ್ ಪೈಪ್ ಆಗಿದ್ದರೆ ತರಬಹುದಿತ್ತು. ನಮ್ಮದು ಬಾರ್ಜ್‌ಗೆ ಏರಿಸುವ ಮುಂಚೆಯೇ ಎರಡೆರಡು ಸೇರಿಸಿ ಬೆಸುಗೆ ಹಾಕಿದ ಡಬಲ್ ಜಾಯಿಂಟ್. ಒಂದರ ಉದ್ದ 24.4 ಮೀಟರ್, ಗೋಡೆ ದಪ್ಪ 12.7 ಮಿ.ಮೀ., ತೂಕ 5.7 ಟನ್. ಇದನ್ನು ಹೆದ್ದಾರಿಯಲ್ಲಿ ತರಬೇಕೆಂದರೆ ಪ್ರತಿ ಸಲವೂ ವಿಶೇಷ ಪರವಾನಗಿ, ಮುಂದೆ ಹಿಂದೆ ಬೆಂಗಾವಲು. ಬಾರ್ಜ್‌ನಲ್ಲಿ ಒಂದೇ ಸಲಕ್ಕೆ 800 ಟನ್ ಬರುತ್ತದೆ. ಅಂದರೆ ಸುಮಾರು 140 ಡಬಲ್ ಜಾಯಿಂಟ್, ಹೆಚ್ಚುಕಡಿಮೆ 3.4 ಕಿ.ಮೀ. ಲೈನ್. ಪಂಪ್ ಸ್ಕಿಡ್‌ಗಳದ್ದೂ, ಅಂದರೆ ಉಕ್ಕಿನ ಚೌಕಟ್ಟಿನ ಮೇಲೆ ಜೋಡಿಸಿಟ್ಟ ಪಂಪ್‌ಗಳದ್ದೂ, ಇದೇ ಲೆಕ್ಕ. ಪೈಪ್ ಎರಡೆರಡು ಸೇರಿಸಿ ತಂದರೆ ಮರುಭೂಮಿಯಲ್ಲಿ ಬೆಸುಗೆ ಅರ್ಧ ಕಡಿಮೆಯಾಗುತ್ತದೆ ಎನ್ನುವುದು ದೊಡ್ಡ ಲಾಭ.

ಈ ತೀರಕ್ಕೆ ಇದೇನೂ ಹೊಸದಲ್ಲ. ಟ್ಯಾಪ್‌ಲೈನ್ (ಟ್ರಾನ್ಸ್-ಅರೇಬಿಯನ್ ಎಣ್ಣೆ ಪೈಪ್‌ಲೈನ್) ಕಟ್ಟುವಾಗ, 1947ರ ಹೊತ್ತಿಗೆ, ಸಫಾನಿಯಾ ಮತ್ತು ಖಫ್ಜಿ ನಡುವಿನ ರಾಸ್ ಅಲ್ ಮಿಶಾಬ್‌ನಲ್ಲಿ ಏನೂ ಇಲ್ಲದ ಕಡೆ ಬಂದರು ಎಬ್ಬಿಸಿದ್ದರು. ಸೌದಿಯ ಖೈಸೂಮಾದಿಂದ ಲೆಬನಾನಿನ ಸಿಡೋನ್‌ವರೆಗೆ ಸುಮಾರು 1,214 ಕಿ.ಮೀ. ಲೈನ್. ಅದಕ್ಕೆ ಪೈಪ್ ಬಂದದ್ದು ಅಮೆರಿಕದಿಂದ ಹಡಗಿನಲ್ಲಿ. 30 ಇಂಚಿನ ಪೈಪನ್ನು 31 ಇಂಚಿನದರ ಒಳಗೆ ತೂರಿಸಿ ತಂದರು, ಹಡಗಿನಲ್ಲಿ ಜಾಗ ಉಳಿಯಲಿ ಅಂತ. ಇಳಿಸಿದ ಮೇಲೆ ಅಲ್ಲೇ ಮೂರು ಮೂರು ಜೋಡಿಸಿ 93 ಅಡಿ ಉದ್ದ ಮಾಡಿ ಮರುಭೂಮಿಗೆ ಕಳಿಸುತ್ತಿದ್ದರು. ಸಮುದ್ರ ಅಲ್ಲೂ ಆಳವಿರಲಿಲ್ಲ. ಹಡಗು ದೂರದಲ್ಲೇ ನಿಲ್ಲಬೇಕಿತ್ತು. ಅದಕ್ಕೆ ನೀರಿನ ಮೇಲೆ ಸುಮಾರು ಮೂರು ಮೈಲಿ ಉದ್ದದ ಕೇಬಲ್ ಹಾದಿ ಕಟ್ಟಿ, ಪೈಪನ್ನು ನೇತುಹಾಕಿಕೊಂಡೇ ದಡಕ್ಕೆ ತಂದರು. ಸ್ಕೈಹುಕ್ ಅಂತ ಅದರ ಹೆಸರು. ಮೊದಲ ಸಲ ಇದನ್ನು ಓದಿದಾಗ ಇಷ್ಟೆಲ್ಲ ಯಾಕೆ, ಒಂದು ಜೆಟ್ಟಿ ಸಾಕಲ್ವಾ ಅನ್ನಿಸಿತ್ತು. ಈ ತೀರದಲ್ಲಿ ಕೆಲಸ ಮಾಡಿದ ಮೇಲೆ ಅವರ ಲೆಕ್ಕ ಸರಿಯಾಗಿ ಅರ್ಥವಾಗಿದೆ.

ಹಂತ 1. ಸೆಪ್ಟೆಂಬರ್–ಅಕ್ಟೋಬರ್: ಅಳತೆ

ಮೊದಲು ಅನುಮತಿ. ಸೌದಿಯಲ್ಲಿ ಕರಾವಳಿಯ ಮೇಲೆ ಗಡಿ ಕಾವಲು ಪಡೆಯ ಉಸ್ತುವಾರಿ ಇದೆ. ದೋಣಿ ಇಳಿಸಲೂ ಅವರ ಒಪ್ಪಿಗೆ ಬೇಕು. ಜೊತೆಗೆ ಪರಿಸರ ಅನುಮತಿ. ಅದರಲ್ಲಿ ಎರಡು ಷರತ್ತು: ತೀರದ ಉದ್ದಕ್ಕೂ ಹರಿಯುವ ನೀರನ್ನು ತಡೆಯಬಾರದು, ಕೆಲಸ ಮುಗಿದ ಮೇಲೆ ಎಲ್ಲ ತೆಗೆಯಬೇಕು. ಕಾಗದಪತ್ರದ ವಿಷಯ ಇಷ್ಟೇ ಸಾಕು.

ನೀರಿನ ಆಳ ಅಳೆಯಲು ಸಣ್ಣ ದೋಣಿ, ಎಕೋ ಸೌಂಡರ್, ಜಿಪಿಎಸ್. ಎರಡು ಮೀಟರ್‌ಗಿಂತ ಕಡಿಮೆ ನೀರಿನಲ್ಲಿ ಸೌಂಡರ್ ಕೊಟ್ಟ ಅಂಕಿ ನಂಬುವ ಹಾಗಿರಲಿಲ್ಲ. ಹಾಗಾಗಿ ಸರ್ವೇಯರ್‌ಗಳು ಇಳಿತದ ಹೊತ್ತಿಗೆ ಕೋಲು ಹಿಡಿದು ನಡೆದೇ ಅಳೆದರು. ಅತಿ ಇಳಿತದ ಮಟ್ಟದಿಂದ 1.5 ಮೀಟರ್ ಆಳ ಸಿಗಲು ದಡದಿಂದ 420 ಮೀಟರ್ ಹೋಗಬೇಕು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು 1.7 ಮೀಟರ್ ಏರುತ್ತದೆ, ನಡುವಿನ ಸಣ್ಣ ಉಬ್ಬರದಲ್ಲಿ 1.3. ತುಂಬಿದ ಬಾರ್ಜ್‌ಗೆ 2.4 ಮೀಟರ್ ನೀರು ಬೇಕು. ಇಳಿತದಲ್ಲಿ ಬಾರ್ಜ್ ಬರುವ ಮಾತೇ ಇಲ್ಲ. ಉಬ್ಬರದಲ್ಲಿ ಬಂದು, ಖಾಲಿಯಾಗಿ ಹಗುರಾದ ಮೇಲೆ ಹೋಗಬೇಕು. ಅದನ್ನೇ ಹಿಡಿದು ವಿನ್ಯಾಸ ಮಾಡಿದೆವು.

ಇಲ್ಲೇ ಒಂದು ಮಾತು ಒತ್ತಿ ಹೇಳಬೇಕು. ಉಬ್ಬರದ ಪಟ್ಟಿಯನ್ನಷ್ಟೇ ನಂಬಿ ಕೂರಬೇಡಿ. ಮೊದಲ ವಾರವೇ ಸೈಟ್‌ನಲ್ಲಿ ಅಳತೆ ಪಟ್ಟಿ ಬರೆದ ಕಂಬ ನೆಡಿ. ವಾಯವ್ಯದಿಂದ ಶಮಾಲ್ ಗಾಳಿ ಜೋರಾಗಿ ಬೀಸಿದರೆ ಕೊಲ್ಲಿಯ ಉತ್ತರ ಭಾಗದ ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ನಮ್ಮ ಕಂಬದಲ್ಲಿ ಪಟ್ಟಿಗಿಂತ 40 ಸೆಂ.ಮೀ. ಕಡಿಮೆ ನೀರು ಕಂಡದ್ದಿದೆ. ಸಣ್ಣ ಉಬ್ಬರ ಮತ್ತು ಶಮಾಲ್ ಒಟ್ಟಿಗೆ ಬಂದರೆ 1.5 ಕೂಡಿಸು 1.3, ಅದರಲ್ಲಿ 0.4 ಕಳೆದರೆ ಸರಿಯಾಗಿ 2.4. ಬಾರ್ಜ್ ಅಡಿಗೆ ಒಂದು ಬೆರಳಿನಷ್ಟೂ ನೀರಿಲ್ಲ. ಅಂಥ ದಿನ ಬಾರ್ಜ್ ಹೊರಗೇ ಲಂಗರು ಹಾಕಬೇಕು ಎಂದು ಆಗಲೇ ನಿಯಮ ಮಾಡಿಕೊಂಡೆವು.

ಹಂತ 2. ನವೆಂಬರ್–ಜನವರಿ: ಸಬ್ಖಾ ದಾಟುವ ರಸ್ತೆ

ಇಡೀ ಯೋಜನೆಯನ್ನು ಅಲ್ಲಾಡಿಸಿದ್ದು ಇದು. ಮೊದಲ ಅಂದಾಜಿನಲ್ಲಿ ಈ ರಸ್ತೆಗೆ ಬರೆದದ್ದು ಎರಡೇ ಸಾಲು. ದಡದಿಂದ ಗಟ್ಟಿ ನೆಲಕ್ಕೆ 1.1 ಕಿ.ಮೀ., ಅಷ್ಟೂ ಸಬ್ಖಾ. ಸಬ್ಖಾ ಅಂದರೆ ಉಪ್ಪು ನೆಲ. ಮೇಲೆ ಉಪ್ಪು, ಜಿಪ್ಸಮ್ ಸೇರಿ ಗಟ್ಟಿಯಾದ ಪದರ. ಕೆಳಗೆ ಒದ್ದೆ ಹೂಳು, ಮರಳು. ಅಂತರ್ಜಲ ಒಂದು ಮೀಟರ್ ಒಳಗೇ ಇದೆ, ಅದು ಸಮುದ್ರಕ್ಕಿಂತ ಎಷ್ಟೋ ಪಾಲು ಜಾಸ್ತಿ ಉಪ್ಪು. ಒಣಗಿದ ದಿನ ಪಿಕಪ್ ಆರಾಮಾಗಿ ಓಡುತ್ತದೆ. ಅದೇ ಮೋಸ.

ಮೊದಲ ಪ್ರಯತ್ನ: ಮಾಮೂಲಿ ರಸ್ತೆ ಮಾಡುವಂತೆ ಡೋಜರ್ ಬಿಟ್ಟು ಮೇಲಿನ 20 ಸೆಂ.ಮೀ. ಕೆರೆದು, ಮಾರ್ಲ್ ತುಂಬಿ ರೋಲರ್ ಹೊಡೆಯುವುದು. ಮಾರ್ಲ್ ಅಂದರೆ ಸುಣ್ಣ ಮಿಶ್ರಿತ ಬಿಳಿ ಮಣ್ಣು. ಕೊಲ್ಲಿಯಲ್ಲಿ ಎಲ್ಲ ರಸ್ತೆ ಕೆಲಸಕ್ಕೂ ಅದೇ. ಡೋಜರ್ ನೂರು ಮೀಟರ್ ಹೋಗುವಷ್ಟರಲ್ಲಿ ಟ್ರ್ಯಾಕ್ ಹೂತು ನಿಂತಿತು. ಅದನ್ನು ಎಳೆಯಲು ಹೋದ ಲೋಡರ್ ಕೂಡ ಹೂತಿತು. ಉಡುಪಿ ಕಡೆಯ ಹಿರಿಯ ಆಪರೇಟರ್ ಒಬ್ಬರು ನಮ್ಮಲ್ಲಿದ್ದಾರೆ. ಅವರು ಕೆಳಗಿಳಿದು ಬಂದು, "ಸಾರ್, ನಮ್ಮನ್ನು ಹೊರ್ತಾ ಇದ್ದದ್ದೇ ಆ ಪದರ. ಅದನ್ನೇ ಕೆರೆದು ತೆಗೆದ್ವಿ" ಅಂದರು. ಹಾಲಿನ ಮೇಲಿನ ಕೆನೆ ತೆಗೆದು ಹಾಲಿನ ಮೇಲೆ ನಡೆಯಲು ಹೊರಟ ಹಾಗೆ. ಆಮೇಲೆ ಮೊನಚಾದ ಕೋನ್ ನೆಲಕ್ಕೆ ಇಳಿಸುವ ಪರೀಕ್ಷೆ ಮಾಡಿ ನೋಡಿದರೆ ಸಿಬಿಆರ್, ಅಂದರೆ ನೆಲ ಭಾರ ಹೊರುವ ಶಕ್ತಿಯ ಅಳತೆ, ಮೇಲಿನ ಪದರದಲ್ಲಿ 12, ಅದರ ಕೆಳಗೆ 2. ಈ ಪರೀಕ್ಷೆ ಮೊದಲೇ ಆಗಬೇಕಿತ್ತು. ಒಂದು ಕೋನ್, ಇಬ್ಬರು ಜನ, ಒಂದು ದಿನದ ಕೆಲಸ.

ಎರಡನೇ ಪ್ರಯತ್ನ: ಪದರ ಮುಟ್ಟದೆ ಅದರ ಮೇಲೇ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 60 ಸೆಂ.ಮೀ. ಮಾರ್ಲ್ ಹಾಕಿ ಬಿಗಿ ಮಾಡಿದೆವು. ನೋಡಲು ಚೆನ್ನಾಗಿತ್ತು, ಖಾಲಿ ಟಿಪ್ಪರ್, ತುಂಬಿದ ಟಿಪ್ಪರ್ ಎರಡೂ ಓಡಿದವು. ನವೆಂಬರ್ ಕೊನೆಯಲ್ಲಿ ಮಳೆ ಬಂತು. ಮರುಭೂಮಿಯಲ್ಲಿ ಮಳೆಯೇ ಇಲ್ಲ ಅಂದುಕೊಳ್ಳುವವರು ಇದನ್ನು ಗಮನಿಸಬೇಕು, ಇಲ್ಲಿ ಚಳಿಗಾಲದಲ್ಲಿ ಬರುತ್ತದೆ, ಬಂದರೆ ಒಂದೇ ಸಲ ಸುರಿಯುತ್ತದೆ, ಸಬ್ಖಾ ಮೇಲೆ ಬಿದ್ದ ನೀರು ಇಂಗಲು ಜಾಗವಿಲ್ಲದೆ ವಾರಗಟ್ಟಲೆ ನಿಲ್ಲುತ್ತದೆ, ಉಪ್ಪಿನ ಪದರ ಕರಗುತ್ತದೆ. ಮಾರ್ಲ್ ಕೆಳಗಿನಿಂದ ನೀರು ಹೀರಿ ಮೆತ್ತಗಾಯಿತು. ಚಕ್ರದ ಗೆರೆ ಒಂದು ಅಡಿ ಆಳಕ್ಕಿಳಿಯಿತು. ಒಣಗಿದ ಮೇಲೆ ಇನ್ನೊಂದು ತೊಂದರೆ: ಹೀರಿದ ನೀರು ಆವಿಯಾಗಿ ಉಪ್ಪು ಮೇಲೆ ಉಳಿದು, ಮೇಲ್ಮೈ ಉಬ್ಬಿ ಪುಡಿಪುಡಿಯಾಯಿತು.

ಮೂರನೆಯದು ನಿಂತಿತು. ಕೆಳಗಿನಿಂದ ಮೇಲಕ್ಕೆ ಹೀಗೆ:

– ಪದರ ಹಾಗೇ ಬಿಟ್ಟದ್ದು. ಹಾಳಾದ ಕಡೆ ಮಾತ್ರ ಒರಟು ಕಲ್ಲು ಒತ್ತಿ ತುಂಬಿದ್ದು.
– ನೇಯ್ದ ಜಿಯೋಟೆಕ್ಸ್‌ಟೈಲ್, ಅಂಚಿನಲ್ಲಿ ಒಂದು ಮೀಟರ್ ಒಂದರ ಮೇಲೊಂದು ಬರುವಂತೆ.
– ಅದರ ಮೇಲೆ ಜಿಯೋಗ್ರಿಡ್ ಬಲೆ.
– 40ರಿಂದ 75 ಮಿ.ಮೀ. ಜಲ್ಲಿ, 40 ಸೆಂ.ಮೀ. ದಪ್ಪ. ಪುಡಿ ಸ್ವಲ್ಪವೂ ಇರಬಾರದು.
– ತೆಳು ಬಟ್ಟೆ ಇನ್ನೊಂದು ಪದರ, ಮೇಲಿನ ಮಣ್ಣು ಜಲ್ಲಿಯೊಳಗೆ ಇಳಿಯದಂತೆ.
– ಕೊನೆಗೆ 30 ಸೆಂ.ಮೀ. ಮಾರ್ಲ್, ಎರಡು ಪದರವಾಗಿ ಬಿಗಿ ಮಾಡಿದ್ದು. ಮೇಲಿನ ಅಗಲ 8 ಮೀಟರ್.

ಎಲ್ಲದರ ಗುಟ್ಟು ಆ ಜಲ್ಲಿಯಲ್ಲಿದೆ. ಕಲ್ಲಿನ ನಡುವೆ ದೊಡ್ಡ ದೊಡ್ಡ ಸಂದು ಇರುವುದರಿಂದ ನೀರು ಮೇಲಕ್ಕೆ ಏರಲಾರದು. ನೀರು ಬರದಿದ್ದರೆ ಉಪ್ಪೂ ಬರುವುದಿಲ್ಲ. ಜಲ್ಲಿಯನ್ನು ಮುಂದಿನಿಂದ ಸುರಿದು, ಸುರಿದದ್ದರ ಮೇಲೇ ಯಂತ್ರ ಮುಂದೆ ಹೋಗಬೇಕು. ಬಟ್ಟೆಯ ಮೇಲೆ ನೇರವಾಗಿ ಚಕ್ರ ಬಿಡಲೇಬಾರದು. ಮೊದಲ ಸುತ್ತಿಗೆ ವೈಬ್ರೇಷನ್ ಹಾಕಬೇಡಿ. ಹಾಕಿದರೆ ಕೆಳಗಿನ ಹೂಳು ಅಲುಗಿ ನೀರು ಮೇಲೆ ಚಿಮ್ಮುತ್ತದೆ, ನಮಗೆ ಒಂದು ಕಡೆ ಹಾಗೆ ಆಗಿ ಇಪ್ಪತ್ತು ಮೀಟರ್ ಕಿತ್ತು ಮತ್ತೆ ಹಾಕಬೇಕಾಯಿತು.

ಸಾಮಾನಿಗೇ 4.4 ಲಕ್ಷ ರಿಯಾಲ್ ಆಯಿತು. ಮೊದಲ ಅಂದಾಜು 1.5 ಲಕ್ಷ. ಕಿತ್ತು ಹಾಕಿದ್ದರ ಖರ್ಚು ಇದರಲ್ಲಿ ಸೇರಿಲ್ಲ. ಜಲ್ಲಿ ಕ್ವಾರಿ ದೂರ, ಅದೇ ಬೆಲೆ ಏರಿಸಿತು. ಆದರೂ ಹೇಳುತ್ತೇನೆ, ಈ ರಸ್ತೆ ಇಲ್ಲದೆ ಮುಂದಿನ ಯಾವ ಕೆಲಸಕ್ಕೂ ಒಂದು ಕಲ್ಲು ಕೂಡ ಸಮುದ್ರದ ಹತ್ತಿರ ಬರುತ್ತಿರಲಿಲ್ಲ.

ಹಂತ 3. ಜನವರಿ–ಫೆಬ್ರವರಿ: ಸಮುದ್ರದೊಳಗಿನ ಏರಿ

420 ಮೀಟರ್ ಉದ್ದ, ಮೇಲೆ 9 ಮೀಟರ್ ಅಗಲ, ಎತ್ತರ ಅತಿ ಇಳಿತದಿಂದ 3.2 ಮೀಟರ್. ಸೈಟ್‌ನಲ್ಲಿ ಎಲ್ಲರೂ ಕಾಸ್‌ವೇ ಅನ್ನುತ್ತಾರೆ, ನನಗೆ ಕೆರೆ ಏರಿಯೇ ನೆನಪಾಗುತ್ತದೆ, ಅದಕ್ಕೇ ಏರಿ ಅಂತಲೇ ಬರೆಯುತ್ತೇನೆ. ದಡದಿಂದ ಸುರಿಯುತ್ತಾ, ಸುರಿದದ್ದರ ಮೇಲೇ ಮುಂದೆ ಹೋಗುವುದು.

ಅಗ್ಗ ಅಂತ ಮಾರ್ಲ್‌ನಲ್ಲೇ ಶುರು ಮಾಡಿದೆವು. ಘನ ಮೀಟರ್‌ಗೆ 25 ರಿಯಾಲ್, ಸೈಟ್‌ಗೆ ತಂದು ಹಾಕಿ. ನೀರಿಗೆ ಬಿದ್ದ ಕೂಡಲೇ ಅದು ಹಾಲಿನ ಬಣ್ಣವಾಗಿ ಕರಗಿತು. ಒಂದು ಉಬ್ಬರ ಇಳಿಯುವಷ್ಟರಲ್ಲಿ ಸುರಿದದ್ದರಲ್ಲಿ ಅರ್ಧವಿಲ್ಲ. ಉಳಿದದ್ದು ಕೆಸರು. ಜೊತೆಗೆ ಆ ಬಿಳಿ ನೀರು ಹರಡುವುದು ಪರಿಸರ ಷರತ್ತಿಗೂ ವಿರುದ್ಧ, ಕೂಡಲೇ ನಿಲ್ಲಿಸಿದೆವು. ಆಮೇಲೆ +2.0 ಮೀಟರ್ ಮಟ್ಟದವರೆಗೆ ಕ್ವಾರಿಯಿಂದ ಸಿಡಿಸಿ ತಂದ ಜರಡಿ ಹಿಡಿಯದ ಕಲ್ಲು, 40 ರಿಯಾಲ್. ಅದರ ಮೇಲೆ, ನೀರು ಮುಟ್ಟದ ಕಡೆ ಮಾತ್ರ ಮಾರ್ಲ್. ಒಟ್ಟು ಸುಮಾರು 13,000 ಘನ ಮೀಟರ್ ಹೋಗಿದೆ. ಬದಿಯ ಇಳಿಜಾರು ಎತ್ತರ ಒಂದಕ್ಕೆ ಅಡ್ಡ ಒಂದೂವರೆ. ಬದಿಗೆ ಬಟ್ಟೆ ಹಾಸಿ, 300ರಿಂದ 800 ಕೆ.ಜಿ. ಬಂಡೆಗಳ ಹೊದಿಕೆ. ಬಂಡೆ ಕೂರಿಸುವ ಎಕ್ಸ್‌ಕವೇಟರ್ ಯಾವಾಗಲೂ ಸುರಿಯುವ ತುದಿಗಿಂತ 20 ಮೀಟರ್ ಹಿಂದೆ ಇರಲಿ, ಅದಕ್ಕಿಂತ ಜಾಸ್ತಿ ಹಿಂದೆ ಬೀಳಬಾರದು. ಹೊದಿಕೆ ಇಲ್ಲದ ಏರಿ ಒಂದು ರಾತ್ರಿಯ ಶಮಾಲ್‌ಗೆ ಕೊರೆದುಹೋಗುತ್ತದೆ.

ನೀರು ಹರಿಯಲು ಮೂರು ಕಡೆ 1.2 ಮೀಟರ್ ವ್ಯಾಸದ ಕಾಂಕ್ರೀಟ್ ಪೈಪ್ ಅಡ್ಡ ಹಾಕಿದ್ದೇವೆ.

ಹಂತ 4. ಮಾರ್ಚ್–ಏಪ್ರಿಲ್: ತುದಿಯ ಕಟ್ಟೆ

ಬಾರ್ಜ್ ಬಂದು ತಾಗುವ ಮುಖ 45 ಮೀಟರ್. ಶೀಟ್ ಪೈಲ್, ಅಂದರೆ ಒಂದಕ್ಕೊಂದು ಸೇರುವ ಉಕ್ಕಿನ ಹಲಗೆ, ನೆಲಕ್ಕೆ ಹೊಡೆಯೋಣವೆಂದು ಮೊದಲು ಯೋಚನೆ ಇತ್ತು. ಹೂಳಿನ ಕೆಳಗೆ ಅಲ್ಲಲ್ಲಿ ಗಟ್ಟಿ ಕಲ್ಲಿನ ಚಪ್ಪಡಿ ಸಿಕ್ಕಿತು, ಪರೀಕ್ಷೆಗೆ ಹೊಡೆದ ಪೈಲ್ ಬಾಗಿತು. ಬಿಟ್ಟೆವು. ಕಾಂಕ್ರೀಟ್ ದಿಮ್ಮಿ ಜೋಡಿಸಿ ಗೋಡೆ ಮಾಡುವುದೆಂದು ತೀರ್ಮಾನ. ಒಂದೊಂದು ದಿಮ್ಮಿ 1.5 × 1.5 × 3 ಮೀಟರ್, 16 ಟನ್. ಉದ್ದನೆಯ ಕಡೆ ಒಳಕ್ಕೆ. ಮೂರು ಸಾಲು, ಸಾಲಿಗೆ 30, ಒಟ್ಟು 90.

ಇವುಗಳಲ್ಲಿ ಕಬ್ಬಿಣವೇ ಇಲ್ಲ. ಎತ್ತಲು ಕೂಡ ಕಬ್ಬಿಣದ ಕುಣಿಕೆ ಇಡದೆ, ಅಡಿಯಲ್ಲಿ ಬೆಲ್ಟ್ ತೂರುವ ಕಾಲುವೆ ಬಿಟ್ಟಿದ್ದೇವೆ. ನನ್ನ ಪ್ರಕಾರ ಇಡೀ ಬಂದರಿನಲ್ಲಿ ಅತ್ಯಂತ ಒಳ್ಳೆಯ ನಿರ್ಧಾರ ಇದು. ಕೊಲ್ಲಿಯ ನೀರು ಲೀಟರ್‌ಗೆ 40 ಗ್ರಾಂ ಆಸುಪಾಸು ಉಪ್ಪು, ತೆರೆದ ಸಾಗರದಲ್ಲಿ 35. ಬಿಸಿಲಿಗೆ ಉಪ್ಪು ಇನ್ನೂ ಬೇಗ ಒಳಕ್ಕೆ ಇಳಿಯುತ್ತದೆ. ಇಲ್ಲಿ ಕಾಂಕ್ರೀಟ್ ಒಡೆಯುವುದು ಮುಖ್ಯವಾಗಿ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುವುದರಿಂದ. ಕಂಬಿಯೇ ಇಲ್ಲದಿದ್ದರೆ ಆ ಚಿಂತೆ ಇಲ್ಲ, ಸಲ್ಫೇಟ್ ಒಂದನ್ನು ನೋಡಿಕೊಂಡರೆ ಸಾಕು. ಅದಕ್ಕೆ ಟೈಪ್ 5 ಸಿಮೆಂಟ್. ಕಂಬಿ ಹಾಕಲೇಬೇಕಾದ ಕಡೆ, ಅಂದರೆ ಬೊಲ್ಲಾರ್ಡ್ (ಬಾರ್ಜ್‌ನ ಹಗ್ಗ ಕಟ್ಟುವ ಗೂಟ) ಕೂರುವ ತಳಗಳಲ್ಲಿ, ಟೈಪ್ 5 ಬದಲು ಮೈಕ್ರೋಸಿಲಿಕಾ ಎಂಬ ಅತಿ ನುಣುಪಾದ ಪುಡಿ ಬೆರೆಸಿದ ಮಾಮೂಲಿ ಸಿಮೆಂಟ್ ಬಳಸಿದೆವು. ಟೈಪ್ 5 ಸಲ್ಫೇಟ್ ತಡೆಯುತ್ತದೆ, ಕ್ಲೋರೈಡ್ ವಿಷಯದಲ್ಲಿ ಅಷ್ಟು ಒಳ್ಳೆಯದಲ್ಲ. ಮಿಕ್ಸ್‌ಗೆ ಟ್ಯಾಂಕರ್‌ನಲ್ಲಿ ತಂದ ಸಿಹಿನೀರು, ಮಧ್ಯಾಹ್ನ ಐಸ್. ಹಾಕುವಾಗ ಕಾಂಕ್ರೀಟ್ 32 ಡಿಗ್ರಿ ದಾಟಬಾರದು.

ಕೆಳಸಾಲು ಎರಡು ಸಲ ಹಾಕಿದ್ದೇವೆ. ಮೊದಲ ಸಲ ಹೂಳು ಪೂರ್ತಿ ತೆಗೆಯದೆ ಕಲ್ಲು ಹಾಸಿದ್ದರಿಂದ ಉತ್ತರದ ಮೂಲೆ 9 ಸೆಂ.ಮೀ. ಕುಸಿಯಿತು. ಮೇಲಿನ ಸಾಲು ಹಾಕುವ ಮುಂಚೆ ಗೊತ್ತಾಗಿದ್ದು ಪುಣ್ಯ. ದಿಮ್ಮಿ ತೆಗೆದು, ಎಕ್ಸ್‌ಕವೇಟರ್‌ನಿಂದ 60 ಸೆಂ.ಮೀ. ಹೂಳು ತೋಡಿ, ಕಲ್ಲು ತುಂಬಿ, ಡೈವರ್‌ಗಳು ಹಳಿ ಇಟ್ಟು ಮಟ್ಟ ಮಾಡಿದರು. ಕೆಳಗೆ ಕಣ್ಣು ಕಾಣುವುದಿಲ್ಲ, ಎಲ್ಲ ಕೈ ಸವರಿಯೇ. ಅವರ ಕೆಲಸಕ್ಕೆ ನನ್ನ ದೊಡ್ಡ ನಮಸ್ಕಾರ.

ಆಮೇಲೆ ತಿರುಗುವ ಜಾಗ. ನಕ್ಷೆಯಲ್ಲಿ ಕಟ್ಟೆ 45 × 20 ಮೀಟರ್. ಕ್ರೇನ್ ನಿಲ್ಲಲು ಸಾಕು, ಬೊಲ್ಲಾರ್ಡ್‌ಗೆ ಸಾಕು. ಆದರೆ 24.4 ಮೀಟರ್ ಪೈಪ್ ಹೊತ್ತ ಟ್ರೇಲರ್ ಒಟ್ಟು 30 ಮೀಟರ್ ಉದ್ದ. ಅದು 20 ಮೀಟರ್‌ನಲ್ಲಿ ತಿರುಗುವುದು ಹೇಗೆ? ನಕ್ಷೆ ನೋಡಿದ ಯಾರ ತಲೆಗೂ ಇದು ಬಂದಿರಲಿಲ್ಲ. ಪರೀಕ್ಷೆಗೆ ಒಂದು ಟ್ರೇಲರ್ ತಂದು, 420 ಮೀಟರ್ ಹಿಂದಕ್ಕೆ ಓಡಿಸಿ ನೋಡಿದೆವು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಅಂಚಿಗೆ ಬಂತು. ಅಲ್ಲೇ ನಿಲ್ಲಿಸಿದೆವು. ಕಟ್ಟೆಯನ್ನು ಹಿಂದಕ್ಕೆ ವಿಸ್ತರಿಸಿ 45 × 40 ಮಾಡಿದ ಮೇಲೆ ಸರಿಹೋಯಿತು. ಬಂದರಿನ ನಕ್ಷೆ ಬರೆಯುವವರು ಮೊದಲು ತಮ್ಮ ಅತಿ ಉದ್ದದ ಗಾಡಿಯ ತಿರುವು ಬರೆದು, ಅದರ ಸುತ್ತ ಕಟ್ಟೆ ಬರೆಯಬೇಕು.

ಹಂತ 5. ಮೇ: ಮೊದಲ ಬಾರ್ಜ್, ಪೈಪ್ ಯಾರ್ಡ್

ಹುಣ್ಣಿಮೆಯ ಉಬ್ಬರ ನೋಡಿ ಕರೆಸಿದೆವು. ಕಂಬದಲ್ಲಿ 1.65 ಮೀಟರ್. ಟಗ್ ಮೆಲ್ಲಗೆ ತಂದು ತಾಗಿಸಿತು. ಇಳಿಸಲು 150 ಟನ್ ಕ್ರಾಲರ್ ಕ್ರೇನ್, ಉದ್ದನೆಯ ಸ್ಪ್ರೆಡರ್ ಬೀಮ್, ಅಗಲವಾದ ನೈಲಾನ್ ಬೆಲ್ಟ್. ಉಕ್ಕಿನ ಹಗ್ಗ ಪೈಪ್‌ನ ಎಪಾಕ್ಸಿ ಲೇಪನ ಕೆರೆಯುತ್ತದೆ, ಅದನ್ನು ಸೈಟ್‌ನಲ್ಲೇ ಇಟ್ಟಿಲ್ಲ. ಎರಡೂ ತುದಿಗೆ ಹಿಡಿಹಗ್ಗ. ಗಾಳಿ ಸೆಕೆಂಡಿಗೆ 10 ಮೀಟರ್ ದಾಟಿದರೆ ಎತ್ತುವುದಿಲ್ಲ, ಅಷ್ಟು ಉದ್ದದ ಪೈಪ್ ಗಾಳಿಗೆ ತಿರುಗಲು ಶುರುವಾದರೆ ಇಬ್ಬರಿಂದ ಹಿಡಿಯಲಾಗದು.

ಯಾರ್ಡ್ ಗಟ್ಟಿ ನೆಲದಲ್ಲಿದೆ. ಮರಳಿನ ದಿಂಡು ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಪೈಪ್ ಮಲಗಿಸಿದ್ದೇವೆ, ಮೂರು ಸಾಲು ಎತ್ತರ. ತುದಿಗೆ ಮುಚ್ಚಳ ಕಡ್ಡಾಯ. ಮುಚ್ಚಳ ಬಿದ್ದುಹೋದ ಕೆಲವು ಪೈಪ್‌ಗಳಲ್ಲಿ ಒಂದೇ ಬಿರುಗಾಳಿಗೆ ಮರಳು ತುಂಬಿತ್ತು. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಪುಡಿ ಬಿಡುತ್ತದೆ, ಅದಕ್ಕೆ ಮೊದಲು ಬಂದದ್ದನ್ನೇ ಮೊದಲು ಕಳಿಸುತ್ತೇವೆ.

ಹಂತ 6. ಜೂನ್–ಜುಲೈ: ಈಗಿನ ಸ್ಥಿತಿ

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಇಲ್ಲಿನ ಕಾನೂನು. ಒಳ್ಳೆಯ ಕಾನೂನು. ಉಬ್ಬರ ಅದೇ ಹೊತ್ತಿಗೆ ಬಂದರೆ ಬಾರ್ಜ್ ಕಟ್ಟಿ ಹಾಕಿ, ಸಂಜೆಯಿಂದ ದೀಪದ ಬೆಳಕಿನಲ್ಲಿ ಇಳಿಸುತ್ತೇವೆ. ಇಳಿತಕ್ಕೆ ಬಾರ್ಜ್ ನೆಲದ ಮೇಲೆ ಕೂರುತ್ತದೆ. ಚಪ್ಪಟೆ ತಳ, ಅಡಿಯಲ್ಲಿ ಕಲ್ಲಿಲ್ಲದಂತೆ ಡೈವರ್ ಇಳಿಸಿ ನೋಡಿರುತ್ತೇವೆ, ಹಾಗಾಗಿ ತೊಂದರೆಯಿಲ್ಲ. ಶಮಾಲ್ ಜೋರಾದ ದಿನಗಳಲ್ಲಿ ಬಾರ್ಜ್ ಹೊರಗೇ ಕಾಯುತ್ತದೆ. ಕಾಯುವ ಬಾಡಿಗೆ ಕೊಡಲೇಬೇಕು, ಅದನ್ನು ಬಜೆಟ್‌ನಲ್ಲಿ ಬೇರೆ ಸಾಲಾಗಿ ಬರೆದಿಡಿ.

ಸಬ್ಖಾ ರಸ್ತೆ ಗಟ್ಟಿಯಾಗಿದೆ. ತುಂಬಿದ ಟ್ರೇಲರ್‌ಗಳು ಓಡಿಯೂ ಗೆರೆ 2 ಸೆಂ.ಮೀ. ದಾಟಿಲ್ಲ.

ಇನ್ನೂ ಬಗೆಹರಿಯದ್ದು ಏರಿಯ ಅಡಿಯ ಮೂರು ಪೈಪ್. ವಾಯವ್ಯದ ಅಲೆಗಳು ಮರಳನ್ನು ತೀರದುದ್ದಕ್ಕೂ ದಕ್ಷಿಣಕ್ಕೆ ತರುತ್ತವೆ. ಏರಿಯ ಉತ್ತರ ಬದಿಯಲ್ಲಿ ಅದು ನಿಂತು ಗುಡ್ಡೆಯಾಗುತ್ತಿದೆ. ದಡದ ಹತ್ತಿರದ ಪೈಪ್ ಮುಕ್ಕಾಲು ಮುಚ್ಚಿದೆ. ಎಕ್ಸ್‌ಕವೇಟರ್‌ನಿಂದ ತೆಗೆದರೆ ಹದಿನೈದು ದಿನಕ್ಕೆ ಮತ್ತೆ ತುಂಬುತ್ತದೆ. ತೆಗೆದ ಮರಳನ್ನು ದಕ್ಷಿಣ ಬದಿಗೆ ಹಾಕುತ್ತಿದ್ದೇವೆ, ಅಲ್ಲಿ ದಡ ಕೊರೆಯುವುದಾದರೂ ನಿಂತಿದೆ. ದಡದ ಹತ್ತಿರ 12 ಮೀಟರ್ ಏರಿ ಕತ್ತರಿಸಿ, ಬೈಲಿ (Bailey) ಸೇತುವೆ, ಅಂದರೆ ಬಿಡಿಭಾಗ ಜೋಡಿಸಿ ಕಟ್ಟುವ ಉಕ್ಕಿನ ಸೇತುವೆ, ಕೂರಿಸಿ ನೀರು ಪೂರ್ತಿ ಬಿಡೋಣ ಅನ್ನುವುದು ನನ್ನ ಪ್ರಸ್ತಾಪ. ಸೇತುವೆ ಬಾಡಿಗೆಗೆ ಸಿಗುತ್ತದೆ. ಅದರ ಎರಡು ತುದಿಗೆ ಹಾಕಲು ಹೆಚ್ಚಿಗೆ ಎರಕ ಹೊಯ್ದಿದ್ದ ಕಾಂಕ್ರೀಟ್ ದಿಮ್ಮಿಗಳೂ ಯಾರ್ಡ್‌ನಲ್ಲಿ ಬಿದ್ದಿವೆ. ಮುಂದಿನ ಬಾರ್ಜ್‌ಗೆ ಮುಂಚೆ ಬಿಡುವು ಸಿಕ್ಕರೆ ಮಾಡುತ್ತೇವೆ. ಆದರೆ ಆ ಕಡೆಯ ಹೂಳು ಎಷ್ಟು ಆಳ ಅಂತ ಈ ಸಲ ಮೊದಲು ಕೋನ್ ಇಳಿಸಿ ನೋಡಿ, ಆಮೇಲೆಯೇ ಏರಿ ಕತ್ತರಿಸುವುದು.